ಅವ್ವನಿಗೆ ಅನುವಾದಿಸಿದ ಸಿನಿಮಾ

ಮಂಡ್ಯದಲ್ಲಿ ಹುಟ್ಟಿದ ನಿರ್ದೇಶಕರೊಬ್ಬರು ಶ್ರೀರಂಗಪಟ್ಟಣದಲ್ಲಿ ಚಿತ್ರೀಕರಿಸಿದ ಸಿನಿಮಾವನ್ನು ಮಂಡ್ಯದ ನಮ್ಮ ನಡುಮನೆಯಲ್ಲಿ ಕೂತು ನೋಡುವಾಗ, ಅದನ್ನು ನಮ್ಮವ್ವನಿಗೆ ಮಾತು ಮಾತಿಗೂ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಗಿ ಬಂತು. ಶ್ರೀಧರ್ ರಂಗಾಯನ್ ಅವರ 'ಈವ್ನಿಂಗ್ ಶ್ಯಾಡೋಸ್' 2018ರಲ್ಲಿ ಚಿತ್ರೋತ್ಸವಗಳನ್ನು ಸುತ್ತಿ, 2019ರ ಜನವರಿಯಲ್ಲಿ ಕೆಲವೇ ಚಿತ್ರಮಂದಿರಗಳನ್ನು ಕಂಡು, ಆಮೇಲೆ ನೆಟ್‌ಫ್ಲಿಕ್ಸ್‌ಗೆ ಬಂದಿತ್ತು. ಮುಂಬೈಯಲ್ಲಿ ಛಾಯಾಗ್ರಾಹಕನಾಗಿರುವ ಕಾರ್ತಿಕ್ ಊರಿಗೆ ಬರುತ್ತಾನೆ. ಅಪ್ಪ ಮದುವೆಯ ಮಾತುಕತೆ ನಡೆಸಿರುತ್ತಾನೆ. ಮಗ ತನಗೊಬ್ಬ ಗೆಳೆಯನಿದ್ದಾನೆಂಬುದನ್ನು ತಾಯಿ ವಸುಧಾಳ ಮುಂದೆ ಹೇಳಿಕೊಳ್ಳುತ್ತಾನೆ. ಊರು ನಮ್ಮದು, ಹೊಳೆ ನಮ್ಮದು, ಮಾತು ಮಾತ್ರ ಹಿಂದಿ. ಸಿನಿಮಾ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಅವ್ವ ಕೇಳಿದರು: "ಇದು ನಮ್ಮ ಪಟ್ಣ ಅಲ್ವೇನ್ಲಾ? ಪಟ್ಣದೋರು ಯಾವಾಗಿಂದ ಹಿಂದಿ ಮಾತಾಡಾಕೆ ಸುರು ಮಾಡುದ್ರು?"

ಈ ಬಗೆಯ ಸಿನಿಮಾವನ್ನು ಇಪ್ಪತ್ತು ವರ್ಷದಿಂದ ಹುಡುಕಿ ನೋಡುತ್ತಾ ಬಂದಿರುವ ನಾನು, ಎಷ್ಟೋ ವಿಮರ್ಶೆಗಳಲ್ಲಿ ಓದಿರದ ಪ್ರಶ್ನೆಯನ್ನು ಅವ್ವ ಕೇಳಿದಂತಾಯಿತು. ಸ್ವತಂತ್ರ ಸಿನಿಮಾ ಎಂದಾಗ ನಾವು ಸಾಮಾನ್ಯವಾಗಿ ದುಡ್ಡು ಯಾರದೆಂದು ಕೇಳುತ್ತೇವೆ. ಅದು ಕೇಳಬೇಕಾದದ್ದೇ. ಆದರೆ ಲಿಂಗತ್ವ ಮತ್ತು ಲೈಂಗಿಕತೆಯ ಕಾರಣಕ್ಕೆ ಅಂಚಿಗೆ ತಳ್ಳಲ್ಪಟ್ಟವರ ಸಿನಿಮಾದ ಮಟ್ಟಿಗೆ ಇನ್ನೊಂದು ಪ್ರಶ್ನೆ ಅದಕ್ಕಿಂತ ಹಳೆಯದು: ಈ ಸಿನಿಮಾ ಯಾರನ್ನು ಎದುರಿಗೆ ಕೂರಿಸಿಕೊಂಡು ಮಾತಾಡುತ್ತಿದೆ?

1919ರ ಜರ್ಮನಿಗೆ ಹೋದರೆ ಇದು ನಿಚ್ಚಳವಾಗುತ್ತದೆ. ರಿಚರ್ಡ್ ಓಸ್ವಾಲ್ಡ್ ನಿರ್ದೇಶಿಸಿದ 'ಡಿಫರೆಂಟ್ ಫ್ರಮ್ ದಿ ಅದರ್ಸ್' ಮೂಕಿಚಿತ್ರದಲ್ಲಿ ಒಬ್ಬ ಪಿಟೀಲು ವಾದಕನಿದ್ದಾನೆ. ಗಂಡಸನ್ನು ಪ್ರೀತಿಸಿದ ತಪ್ಪಿಗೆ ಬ್ಲ್ಯಾಕ್‌ಮೇಲ್ ಮಾಡುವವನ ಕೈಗೆ ಸಿಕ್ಕಿ, ಮರ್ಯಾದೆ ಕಳೆದುಕೊಂಡು, ಕೊನೆಗೆ ಪ್ರಾಣ ಬಿಡುತ್ತಾನೆ. ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಚಿತ್ರಕಥೆಯಲ್ಲಿ ಕೈಜೋಡಿಸಿದ್ದಲ್ಲದೆ ತಾನೇ ತೆರೆಯ ಮೇಲೆ ಬಂದು ಇದು ರೋಗವಲ್ಲ, ಅಪರಾಧವೂ ಅಲ್ಲ ಎಂದು ಉಪನ್ಯಾಸ ಕೊಡುತ್ತಾನೆ. ಗಂಡಸರ ನಡುವಿನ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಜರ್ಮನ್ ದಂಡಸಂಹಿತೆಯ 175ನೇ ಕಲಮನ್ನು ತೆಗೆಯಿರಿ ಎಂದು ಕೇಳುವ ಅರ್ಜಿಯೇ ಆ ಸಿನಿಮಾ. ಅಂಥದ್ದೇ ಆಗಿದ್ದ ನಮ್ಮ 377ನೇ ಕಲಂ ಕೂಡ ಜೈಲಿಗೆ ಕಳಿಸಿದ್ದಕ್ಕಿಂತ ಹೆಚ್ಚಾಗಿ ಹೆದರಿಸಿ ದುಡ್ಡು ಕೀಳುವವರಿಗೆ ಅನುಕೂಲ ಮಾಡಿಕೊಟ್ಟದ್ದನ್ನು ಬಲ್ಲವರಿಗೆ ಆ ಕಥೆ ನೂರು ವರ್ಷ ಹಳೆಯದೆನಿಸುವುದಿಲ್ಲ. ಮರುವರ್ಷವೇ ಅದರ ಪ್ರದರ್ಶನಕ್ಕೆ ನಿಷೇಧ ಬಿತ್ತು. ಮುಂದೆ ನಾಜಿಗಳು ಸಿಕ್ಕ ಪ್ರತಿಗಳನ್ನು ನಾಶಮಾಡಿದರು. ಉಳಿದಿರುವುದು ತುಣುಕುಗಳು.

ಅರ್ಜಿ ಹಿಡಿದು ನಿಲ್ಲದ ಸಿನಿಮಾವೂ ಬೇರೆ ಕಡೆ ಹುಟ್ಟುತ್ತಿತ್ತು. ಕೆನೆತ್ ಆ್ಯಂಗರ್ 1947ರ 'ಫೈರ್‌ವರ್ಕ್ಸ್' ಕಿರುಚಿತ್ರವನ್ನು ಅಪ್ಪ ಅಮ್ಮ ಊರಲ್ಲಿಲ್ಲದಾಗ ಮನೆಯಲ್ಲೇ ಚಿತ್ರೀಕರಿಸಿದ್ದಾಗಿ ಹೇಳಿಕೊಳ್ಳುತ್ತಿದ್ದ. ಫ್ರೆಂಚ್ ಲೇಖಕ ಜಾನ್ ಜೆನೆ ತನ್ನ ಜೀವಮಾನದಲ್ಲಿ ನಿರ್ದೇಶಿಸಿದ ಒಂದೇ ಚಿತ್ರ 1950ರದು. ಮಾತಿಲ್ಲದ ಆ ಚಿತ್ರದಲ್ಲಿ ಅಕ್ಕಪಕ್ಕದ ಕೋಣೆಗಳ ಇಬ್ಬರು ಕೈದಿಗಳು ಗೋಡೆಯ ತೂತಿನಲ್ಲಿ ಹುಲ್ಲುಕಡ್ಡಿ ತೂರಿಸಿ ಒಬ್ಬ ಬಿಟ್ಟ ಸಿಗರೇಟಿನ ಹೊಗೆಯನ್ನು ಇನ್ನೊಬ್ಬ ಎಳೆದುಕೊಳ್ಳುತ್ತಾರೆ. ಅಷ್ಟು ಶೃಂಗಾರಮಯವಾದ ಹೊಗೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದೇ ಹೊತ್ತಿನಲ್ಲಿ ಹಾಲಿವುಡ್ 1934ರಿಂದ 1968ರವರೆಗೆ ತೆರೆಯ ಮೇಲೆ ಏನು ತೋರಿಸಬಾರದೆಂದು ತಾನೇ ಹಾಕಿಕೊಂಡ ಹೇಸ್ ನಿಯಮಾವಳಿಯ ಬಿಗಿಯಲ್ಲಿತ್ತು. ಇಂಥ ಪಾತ್ರಗಳು ಬಂದರೂ ನಗೆಪಾಟಲಾಗಿ ಇಲ್ಲವೆ ಹೆಣವಾಗಿ ಬರುತ್ತಿದ್ದವು. ವಿಟೊ ರುಸೊ 1981ರಲ್ಲಿ ಪ್ರಕಟಿಸಿದ 'ದಿ ಸೆಲ್ಯುಲಾಯ್ಡ್ ಕ್ಲಾಸೆಟ್' ಪುಸ್ತಕದಲ್ಲಿ ಯಾವ ಯಾವ ಚಿತ್ರದಲ್ಲಿ ಇಂಥ ಪಾತ್ರ ಹೇಗೆ ಸತ್ತಿತೆಂಬ ಪಟ್ಟಿಯೇ ಇದೆ. ವಿಮರ್ಶೆ ಎಷ್ಟೋ ಸಲ ಹೀಗೆ ಲೆಕ್ಕ ಬರೆಯುವುದರಿಂದಲೇ ಶುರುವಾಗುತ್ತದೆ.

ಸ್ವತಂತ್ರ ಚಿತ್ರಗಳಿಗೆ ಹೆಸರಾದ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ 1991ರಲ್ಲಿ ಟಾಡ್ ಹೇನ್ಸ್‌ನ 'ಪಾಯಿಸನ್' ಕಥಾಚಿತ್ರ ವಿಭಾಗದ ತೀರ್ಪುಗಾರರ ಮುಖ್ಯ ಪ್ರಶಸ್ತಿ ಪಡೆಯಿತು. ಅದರ ಬೇರು ಜೆನೆಯ ಬರಹಗಳಲ್ಲಿತ್ತು. ಸರ್ಕಾರಿ ಕಲಾನಿಧಿಯಿಂದ ಸಿಕ್ಕ 25,000 ಡಾಲರ್ ನೆರವಿಗಾಗಿ ಅಮೆರಿಕದ ಸಂಪ್ರದಾಯವಾದಿಗಳು ದೊಡ್ಡ ಗಲಾಟೆಯನ್ನೇ ಎಬ್ಬಿಸಿದರು. ಮರುವರ್ಷ ವಿಮರ್ಶಕಿ ಬಿ. ರೂಬಿ ರಿಚ್ ಈ ಹೊಸ ಅಲೆಗೆ 'ನ್ಯೂ ಕ್ವಿಯರ್ ಸಿನಿಮಾ' ಎಂದು ಹೆಸರಿಟ್ಟರು. ಕ್ವಿಯರ್ ಎಂದರೆ ಲಿಂಗತ್ವ, ಲೈಂಗಿಕತೆಯ ರೂಢಿಗೆ ಹೊರಗಿನವರು; ಒಂದು ಕಾಲದ ಬೈಗುಳವನ್ನೇ ಅವರು ಹೆಸರಾಗಿಸಿಕೊಂಡಿದ್ದರು. ಏಡ್ಸ್ ಗೆಳೆಯರನ್ನು ಸಾಲುಸಾಲಾಗಿ ಕೊಂಡೊಯ್ಯುತ್ತಿದ್ದ ಕಾಲ. 'ನಾವೂ ನಿಮ್ಮಂಥವರೇ, ದಯವಿಟ್ಟು ಒಪ್ಪಿಕೊಳ್ಳಿ' ಎನ್ನುವ ತಾಳ್ಮೆ ಈ ನಿರ್ದೇಶಕರಿಗೆ ಉಳಿದಿರಲಿಲ್ಲ. ಇವರ ಪಾತ್ರಗಳು ಒಳ್ಳೆಯವರಾಗಿರಬೇಕಿರಲಿಲ್ಲ, ಕೊಲೆಗಾರರೂ ಆಗಬಹುದಿತ್ತು. ಆ ಸೊಕ್ಕು ನನಗೆ ಬಹಳ ಇಷ್ಟವಾಗಿತ್ತು.

ಇಂಗ್ಲೆಂಡಿನ ನಿರ್ದೇಶಕ ಡೆರೆಕ್ ಜಾರ್ಮನ್‌ನ 1993ರ 'ಬ್ಲೂ' ನೋಡಿದ್ದು ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯನೊಬ್ಬನ ಬಾಡಿಗೆ ಕೋಣೆಯಲ್ಲಿ, ಹದಿನೈದು ಇಂಚಿನ ಹಳೆಯ ಮಾನಿಟರಿನಲ್ಲಿ. ಏಡ್ಸ್‌ನಿಂದ ಕಣ್ಣು ಮಂಜಾಗುತ್ತಿದ್ದ ಜಾರ್ಮನ್ 79 ನಿಮಿಷವೂ ತೆರೆಯ ಮೇಲೆ ಒಂದೇ ನೀಲಿಯನ್ನು ಇಟ್ಟು, ದನಿ ಮತ್ತು ಸದ್ದುಗಳಿಂದ ಮಾತ್ರ ಆಸ್ಪತ್ರೆಯ ದಿನಗಳನ್ನೂ ಸತ್ತ ಗೆಳೆಯರನ್ನೂ ನೆನೆಯುತ್ತಾನೆ. ಅರ್ಧ ಗಂಟೆ ಕಳೆದಿತ್ತು. ನೀರಿನ ಮೋಟಾರ್ ಆರಿಸಲು ಬಂದ ಮನೆ ಮಾಲೀಕರ ಮಗ ಬಾಗಿಲಲ್ಲಿ ನಿಂತು ನಮ್ಮನ್ನು ಕನಿಕರದಿಂದ ನೋಡಿ, "ಹಿಂದಿನ ಕೇಬಲ್ ಸ್ವಲ್ಪ ಅಲ್ಲಾಡಿಸಿ ಸಾರ್, ಪಿಕ್ಚರ್ ಬರುತ್ತೆ" ಎಂದ. ನಾವು ನಗಲಿಲ್ಲ. ಗೆಳೆಯ ಎದ್ದು ಹೋಗಿ ಕೇಬಲ್ ಅಲ್ಲಾಡಿಸಿದ, ಏಕೆಂದರೆ ಸಿನಿಮಾ ಹೀಗೇ ಎಂದು ಅವನಿಗೆ ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು. ಅಂದಿನ ನಮ್ಮ ಬದುಕೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಆ ಅಲೆಯೊಳಗಿನ ಜಗಳಗಳು ನನಗೆ ತಿಳಿದದ್ದು ತಡವಾಗಿ. ನ್ಯೂಯಾರ್ಕಿನ ಕಪ್ಪು ಮತ್ತು ಲ್ಯಾಟಿನೊ ಸಮುದಾಯದ ಗೇ ಹಾಗೂ ಟ್ರಾನ್ಸ್ ಜನರ ಬಾಲ್ ಎಂಬ ವೇಷ, ನಡಿಗೆ, ಕುಣಿತದ ಸ್ಪರ್ಧೆಗಳನ್ನು ಕುರಿತ ಜೆನ್ನಿ ಲಿವಿಂಗ್‌ಸ್ಟನ್‌ರ ಸಾಕ್ಷ್ಯಚಿತ್ರ 'ಪ್ಯಾರಿಸ್ ಈಸ್ ಬರ್ನಿಂಗ್' ಕೂಡ ಅದೇ 1991ರಲ್ಲಿ ಸನ್‌ಡಾನ್ಸ್‌ನಲ್ಲಿ ಗೆದ್ದಿತ್ತು. ಕಪ್ಪು ಸ್ತ್ರೀವಾದಿ ಲೇಖಕಿ ಬೆಲ್ ಹುಕ್ಸ್ ಅದನ್ನು ಕಟುವಾಗಿ ವಿಮರ್ಶಿಸಿದರು: ಕ್ಯಾಮೆರಾ ಹಿಂದಿರುವ ಬಿಳಿಯ ಹೆಂಗಸು ತಾನಲ್ಲಿ ಇಲ್ಲವೇ ಇಲ್ಲವೆಂಬಂತೆ ನಟಿಸುತ್ತಾಳೆ, ನೋಡುಗರಿಗೆ ಇನ್ನೊಬ್ಬರ ಬದುಕು ತಮಾಷೆಯ ಪ್ರದರ್ಶನವಾಗುತ್ತದೆ ಎಂಬುದು ಅವರ ತಕರಾರು. ಚಿತ್ರ ದುಡ್ಡು ಮಾಡಿದ ಮೇಲೆ ಅದರಲ್ಲಿ ಕಾಣಿಸಿಕೊಂಡವರು ತಮ್ಮ ಪಾಲು ಕೇಳಿದರು. ಕೊನೆಗೆ 13 ಮಂದಿಗೆ ಸುಮಾರು 55,000 ಡಾಲರ್ ಹಂಚಲಾಯಿತು. ನ್ಯೂ ಕ್ವಿಯರ್ ಸಿನಿಮಾದ ಮೊದಲ ಸಾಲಿನಲ್ಲಿ ಮೆರೆದವರು ಬಹುಪಾಲು ಬಿಳಿಯ ಗಂಡಸರೆಂಬ ಮಾತೂ ಎದ್ದಿತು. ಇದಕ್ಕೆ ನನಗೆ ಮೆಚ್ಚಿಗೆಯಾದ ಉತ್ತರ ಶೆರಿಲ್ ಡುನ್ಯೆ ಅವರ 1996ರ 'ದಿ ವಾಟರ್‌ಮೆಲನ್ ವುಮನ್'. ಹಳೆಯ ಹಾಲಿವುಡ್ಡಿನ ಒಬ್ಬ ಕಪ್ಪು ನಟಿಯ ಪ್ರೇಮಜೀವನವನ್ನು ಹುಡುಕಿಕೊಂಡು ಹೋಗುವ ಈ ಚಿತ್ರದಲ್ಲಿ ಬರುವ ಆ ನಟಿ, ಅವಳ ಹಳೆಯ ಫೋಟೊಗಳು, ಪತ್ರಾಗಾರದ ರೀಲುಗಳು ಎಲ್ಲವೂ ಚಿತ್ರತಂಡ ಸೃಷ್ಟಿಸಿದ್ದು. ತಮ್ಮಂಥವರ ಚರಿತ್ರೆಯನ್ನು ಯಾರೂ ಕಾಪಿಟ್ಟಿಲ್ಲವಾದ್ದರಿಂದ ಅದನ್ನು ತಾವೇ ಕಟ್ಟಬೇಕಾಯಿತೆಂದು ಚಿತ್ರ ಕೊನೆಯಲ್ಲಿ ಒಪ್ಪಿಕೊಳ್ಳುತ್ತದೆ.

ನಮ್ಮಲ್ಲಿ ಕಾಪಿಡದೆ ಹೋದದ್ದಕ್ಕೆ ಉದಾಹರಣೆಗೆ ದೂರ ಹೋಗಬೇಕಿಲ್ಲ. ಪ್ರೇಮ್ ಕಪೂರ್ ಅವರ 1971ರ ಹಿಂದಿ ಚಿತ್ರ 'ಬದ್ನಾಮ್ ಬಸ್ತಿ'ಯಲ್ಲಿ ಇಬ್ಬರು ಗಂಡಸರ ನಡುವಿನ ಒಲವಿದೆ. ಕಳೆದೇಹೋಯಿತೆಂದುಕೊಂಡಿದ್ದ ಅದರ ಪ್ರತಿ 2019ರಲ್ಲಿ ಬರ್ಲಿನ್ನಿನ ಸಂಗ್ರಹಾಗಾರವೊಂದರಲ್ಲಿ ಸಿಕ್ಕಿತು. ಇಬ್ಬರು ಹೆಂಗಸರ ಒಲವಿನ ಕಥೆಯುಳ್ಳ ದೀಪಾ ಮೆಹ್ತಾ ಅವರ 'ಫೈರ್' 1998ರಲ್ಲಿ ಇಲ್ಲಿ ಬಿಡುಗಡೆಯಾದಾಗ ಚಿತ್ರಮಂದಿರಗಳ ಮೇಲೆ ದಾಳಿ ನಡೆದದ್ದು ಎಲ್ಲರಿಗೂ ಗೊತ್ತಿದೆ; ಅದರ ಮರೆಯಲ್ಲಿ ರಿಯಾದ್ ವಾಡಿಯಾ ಅವರ 1996ರ ಕಿರುಚಿತ್ರ 'ಬಾಮ್‌ಗೇ', ಸೆನ್ಸಾರ್ ಪ್ರಮಾಣಪತ್ರ ಸಿಗದ ರಂಗಾಯನ್ ಅವರದೇ 2003ರ 'ಗುಲಾಬಿ ಆಯಿನಾ' ಮುಂತಾದವು ಕೈಯಿಂದ ಕೈಗೆ ಸಾಗುತ್ತಾ ಬದುಕಿದವು. ಪ್ರಮಾಣಪತ್ರವಿಲ್ಲದ ಚಿತ್ರಕ್ಕೆ ಚಿತ್ರೋತ್ಸವವೇ ಚಿತ್ರಮಂದಿರ. ಬೆಂಗಳೂರಿನಲ್ಲಿ 2009ರಲ್ಲಿ ಶುರುವಾದ ಕ್ವಿಯರ್ ಚಿತ್ರೋತ್ಸವಕ್ಕೆ ನಾವು ಮೈಸೂರಿನಿಂದ ಹೋಗಿ, ವಸಂತನಗರದ ಅಲಯನ್ಸ್ ಫ್ರಾನ್ಸೇಸಿನಲ್ಲಿ ದಿನವಿಡೀ ಕೂತು, ರಾತ್ರಿ ಸ್ಯಾಟಲೈಟ್ ನಿಲ್ದಾಣದಲ್ಲಿ ಕೆಂಪು ಬಸ್ಸು ಹತ್ತುತ್ತಿದ್ದೆವು. ಕೆಂಗೇರಿ ದಾಟುವವರೆಗೂ ನೋಡಿದ ಚಿತ್ರಗಳ ಮಾತು ಜೋರಾಗಿ ನಡೆಯುತ್ತಿತ್ತು. ರಾಮನಗರದ ಹೊತ್ತಿಗೆ ದನಿ ತಗ್ಗುತ್ತಿತ್ತು. ಮಂಡ್ಯದಲ್ಲಿ ನಾನು ಇಳಿಯುವಾಗ ಕ್ರಿಕೆಟ್ ಮಾತಾಡುತ್ತಿರುತ್ತಿದ್ದೆವು.

ಕನ್ನಡದಲ್ಲಿ ಸಾಹಿತ್ಯ ಇದಕ್ಕೆ ಮೊದಲು ಬಾಯಿ ಕೊಟ್ಟಿತು; ವಸುಧೇಂದ್ರರ ಕಥಾಸಂಕಲನ 'ಮೋಹನಸ್ವಾಮಿ' ಬಂದದ್ದು 2013ರಲ್ಲಿ. ಸಿನಿಮಾದಲ್ಲಿ ಎಲ್ಲರೂ ಹೆಸರಿಸುವುದು ಬಿ.ಎಸ್. ಲಿಂಗದೇವರು ಅವರ 'ನಾನು ಅವನಲ್ಲ... ಅವಳು' ಚಿತ್ರವನ್ನು. ಟ್ರಾನ್ಸ್ ಮಹಿಳೆ ಲಿವಿಂಗ್ ಸ್ಮೈಲ್ ವಿದ್ಯಾ ತಮಿಳಿನಲ್ಲಿ ಬರೆದ ಆತ್ಮಕಥೆಯನ್ನು ಆಧರಿಸಿದ ಈ ಚಿತ್ರ 2015ರಲ್ಲಿ ತೆರೆಕಂಡಿತು. ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಚಿತ್ರಕ್ಕೆ ಪ್ರಸಾಧನದ ಪ್ರಶಸ್ತಿಯೂ ಬಂದವು. ಈ ಎರಡನೆಯ ಪ್ರಶಸ್ತಿಯ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಗಂಡಸೊಬ್ಬ ಹೆಣ್ಣಾಗಿ 'ಕಾಣಿಸಿದ' ಕೌಶಲಕ್ಕೆ ಮೆಚ್ಚುಗೆ ಸಲ್ಲಿಸುವಾಗ, ಹೆಣ್ಣೇ ಆಗಿರುವ ವಿದ್ಯಾಳನ್ನು ಮತ್ತೆ ವೇಷಕ್ಕೆ ಇಳಿಸಿದಂತಾಗುವುದಿಲ್ಲವೇ? ಟ್ರಾನ್ಸ್ ಕಲಾವಿದೆಯೇ ಆ ಪಾತ್ರ ಮಾಡಬೇಕಿತ್ತೆಂಬ ಆಕ್ಷೇಪ ನ್ಯಾಯವಾದದ್ದು. ಆದರೂ, ಕಥೆಯನ್ನು ಈ ಕಡೆಗೆ ತಂದು ನಾಯಕನಿಗೆ ಮಾದೇಶ ಎಂದು ಹೆಸರಿಟ್ಟದ್ದರಲ್ಲಿ ಒಂದು ಧೈರ್ಯವಿದೆ. ಮಲೆ ಮಾದಪ್ಪನ ಒಕ್ಕಲಿನ ನಮ್ಮ ಸೀಮೆಯಲ್ಲಿ ಮನೆಗೊಬ್ಬ ಮಾದೇಶನಿದ್ದಾನೆ. ಮೈಸೂರಿನ ಚಿತ್ರಮಂದಿರದಲ್ಲಿ ಮೊದಲ ಅರ್ಧ ಗಂಟೆ ಶಿಳ್ಳೆ ಹಾಕಿ ನಗುತ್ತಿದ್ದ ಹಿಂದಿನ ಸಾಲಿನ ಹುಡುಗರು ಹೆಣ್ಣಾಗುವ ಶಸ್ತ್ರಕ್ರಿಯೆಯ ದೃಶ್ಯದ ಹೊತ್ತಿಗೆ ಸುಮ್ಮನಾದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇಬ್ಬರು ಹೆಂಗಸರನ್ನು ನಡುವಿಟ್ಟುಕೊಂಡು ಶೈಲಜಾ ಪಡಿಂದಾಲ 'ನಾನು ಲೇಡೀಸ್' ಮಾಡಿದ್ದು ಆಮೇಲೆ. ಅಂಥದ್ದು ಜಿಲ್ಲಾ ಕೇಂದ್ರದ ಚಿತ್ರಮಂದಿರಕ್ಕೆ ಬರುವ ದಾರಿ ಇನ್ನೂ ಆಗಿಲ್ಲ.

ಇಷ್ಟೆಲ್ಲ ನೋಡಿಕೊಂಡವನಿಗೆ 'ಈವ್ನಿಂಗ್ ಶ್ಯಾಡೋಸ್' ಸಪ್ಪೆಯೆನಿಸಿದ್ದು ಸಹಜ. ಗಣೇಶನ ಹಬ್ಬಕ್ಕೆ ಎತ್ತುವಂತೆ ಜನರಿಂದ ಚಂದಾ ಎತ್ತಿ ಮಾಡಿದ ಚಿತ್ರವದು. ದುಡ್ಡಿನ ಮಟ್ಟಿಗೆ ಪೂರ್ತಿ ಸ್ವತಂತ್ರ. ಕಟ್ಟುವಿಕೆಯಲ್ಲಿ ಮಾತ್ರ ಸಂಜೆಯ ಧಾರಾವಾಹಿಗೆ ಹತ್ತಿರ: ಗದರುವ ಅಪ್ಪ, ಮೌನವಾಗಿ ದುಡಿಯುವ ಅಮ್ಮ, ಒಳಗೊಳಗೇ ಬೇಯುವ ಚಿಕ್ಕಪ್ಪ. 1919ರ ಆ ಅರ್ಜಿ ನ್ಯಾಯಾಲಯದಿಂದ ಅಡುಗೆಮನೆಗೆ ವರ್ಗವಾಗಿದೆ, ಅಷ್ಟೆ ಎಂದು ಗೆಳೆಯನಿಗೆ ಫೋನಿನಲ್ಲಿ ಹೇಳಿದ್ದೆ. ಮೊದಲ ಸಲ ಒಬ್ಬನೇ ನೋಡಿದಾಗಿನ ಮಾತು ಅದು. ಮೋನಾ ಅಂಬೇಗಾಂವ್‌ಕರ್ ಅವರ ವಸುಧಾ ಮಾತ್ರ ಮನಸ್ಸಿನಲ್ಲಿ ಉಳಿದಿದ್ದಳು. ಮಗನ ವಿಷಯ ತಿಳಿದ ಮೇಲೆ ತನ್ನ ಸಂಸಾರದಲ್ಲಿ ತಾನೇನಾಗಿದ್ದೇನೆಂದು ಅವಳು ಕೇಳಿಕೊಳ್ಳತೊಡಗುವುದು ಚಿತ್ರದ ಅತ್ಯುತ್ತಮ ಭಾಗ.

ಎರಡನೆಯ ಸಲ ಅವ್ವನ ಜೊತೆ ನೋಡಿದ್ದು ಪಟ್ಣದ ಹೊಳೆ ತೋರಿಸುವ ನೆವದಲ್ಲಿ. ನನ್ನ ವಿಷಯ ಅವ್ವನಿಗೆ ಆಗ ಗೊತ್ತಿರಲಿಲ್ಲ. ಅವರೆಕಾಯಿ ಬಿಡಿಸುತ್ತಾ ನೋಡುತ್ತಿದ್ದ ಅವರು ಕಾರ್ತಿಕ್ ತಾಯಿಯ ಮುಂದೆ ಬಾಯಿಬಿಟ್ಟಾಗ ಕೈ ನಿಲ್ಲಿಸಿ, "ಏನಂದ್ನ್ಲಾ ಅವ್ನು?" ಎಂದು ಕೇಳಿದರು. ನಾನು ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದೆ.

ಪದವಿರಲಿಲ್ಲ. ಸಲಿಂಗಕಾಮಿ ಎಂಬುದು ಪತ್ರಿಕೆಯ ಪದ. 'ಕಾಮ'ವನ್ನು ಅವ್ವನ ಮುಂದೆ ಬಾಯಲ್ಲಿ ಆಡಲಾಗದು. ಲೈಂಗಿಕ ಅಲ್ಪಸಂಖ್ಯಾತ ಎಂಬುದು ಸಭೆಯ ಪದ. ಗೇ ಎಂದರೆ, ನಲವತ್ತು ವರ್ಷ ಹೊಲದಲ್ಲಿ ದುಡಿದ ಅವ್ವನ ಕಿವಿಗೆ ಅದು ಗೇಯ್ಮೆ. ಇದಕ್ಕಿಂತ ಕಷ್ಟವಾದದ್ದು ವ್ಯಾಕರಣ. 'ಅವನಿಗೆ ಹೆಣ್ಣು ಬೇಡವಂತೆ' ಎಂದು ದೂರ ನಿಂತು ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಯಾರ ಮಾತನ್ನಾದರೂ ಒಪ್ಪಿಸುವಾಗ ಅವರು ಆಡಿದ ಹಾಗೆಯೇ ಆಡಿ, ಕೊನೆಗೆ 'ಅಂತ' ಸೇರಿಸುವುದು ವಾಡಿಕೆ. ಅಷ್ಟು ಹೊತ್ತೂ ಹಾಗೆಯೇ ಹೇಳುತ್ತಾ ಬಂದಿದ್ದೆ. ಈ ಒಂದು ಮಾತಿಗೆ ಮಾತ್ರ ಧಾಟಿ ಬದಲಿಸಿದ್ದರೆ ಅವ್ವನಿಗೆ ತಿಳಿಯದೆ ಇರುತ್ತಿರಲಿಲ್ಲ.

"ನಂಗೆ ಹೆಣ್ಣು ಬ್ಯಾಡ ಕಣವ್ವ, ನಂಗೊಬ್ಬ ಹುಡ್ಗ ಅವ್ನೆ," ಎಂದೆ. 'ಅಂತ ಹೇಳ್ತಾವ್ನೆ' ಎಂಬುದು ಬಾಯಿಂದ ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು.

ಅವ್ವ ನನ್ನ ಕಡೆ ತಿರುಗಲಿಲ್ಲ. ಮೊರದಲ್ಲಿದ್ದ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿ, ನಿಂತುಹೋಗಿದ್ದ ತೆರೆಯಲ್ಲಿನ ವಸುಧಾಳ ಮುಖವನ್ನೇ ನೋಡುತ್ತಾ, "ಅದ್ಕೆ ಅವ್ರವ್ವ ಏನಂದ್ಲು? ಹಾಕು, ನೋಡವ," ಎಂದರು.