ದೋರ್ದೋನ್ ನದಿಯ ಪಕ್ಕ ಒಂದು ಶನಿವಾರ, ಎರಡು ತಾಸಿನ ಊಟ

ಫ್ರಾನ್ಸಿನ ಹಳ್ಳಿ ಕಡೆ ಒಂದು ದಿನ ಸುತ್ತಬೇಕು, ಎಲ್ಲಿಗೆ ಹೋಗೋಣ ಎಂದು ಯಾರೇ ಕೇಳಲಿ, ನಾನು ಹೇಳುವುದು ನೈಋತ್ಯ ಫ್ರಾನ್ಸಿನ ಪೆರಿಗೋರ್ ಸೀಮೆ. ಅದರಲ್ಲೂ ಸಾರ್ಲಾ ಊರಿನ ದಕ್ಷಿಣಕ್ಕೆ ದೋರ್ದೋನ್ ನದಿ ಬಳಸಿಕೊಂಡು ಹರಿಯುವ ಭಾಗ. ಜೊತೆಗೆ ಇನ್ನೊಂದು ಮಾತು. ಮಧ್ಯಾಹ್ನದ ಊಟ ಎಲ್ಲಿ ಅಂತ ಮೊದಲು ಗೊತ್ತು ಮಾಡಿ, ನೋಡುವ ಜಾಗಗಳನ್ನು ಆಮೇಲೆ ಅದರ ಹಿಂದೆ ಮುಂದೆ ಜೋಡಿಸಿಕೊಳ್ಳಿ.

ಇದಕ್ಕೆ ಕಾರಣ ಇದೆ. ಹಳ್ಳಿಯ ಹೋಟೆಲುಗಳಲ್ಲಿ ಊಟ ಸಿಗುವುದು ಹನ್ನೆರಡರಿಂದ ಸುಮಾರು ಎರಡು ಗಂಟೆವರೆಗೆ. ಆಮೇಲೆ ಅಡುಗೆಮನೆ ಮುಚ್ಚುತ್ತದೆ, ಸಂಜೆ ಏಳರವರೆಗೆ ಐಸ್‌ಕ್ರೀಮೋ ಕಾಫಿಯೋ ಅಷ್ಟೇ. ಮತ್ತೆ ಇದು ಬಾತುಕೋಳಿಯ ಸೀಮೆ. ನಮ್ಮ ಜೊತೆ ಶಿರಸಿಯಿಂದ ಬಂದ ಅತ್ತೆ ಇದ್ದರು, ಮೊಟ್ಟೆಯನ್ನೂ ಮುಟ್ಟದವರು. ಹಾಗಾಗಿ ಹಿಂದಿನ ದಿನವೇ ಫೋನ್ ಮಾಡಿ ಟೇಬಲ್ ಹೇಳಿ, ಮಾಂಸ, ಮೊಟ್ಟೆ, ಬಾತಿನ ಕೊಬ್ಬು ಯಾವುದೂ ಬೇಡ ಎಂದು ವಿವರಿಸಿದ್ದೆ. ಆ ಕಡೆಯ ಹೆಂಗಸು ತಾಳ್ಮೆಯಿಂದ ಎಲ್ಲಾ ಬರೆದುಕೊಂಡರು.

ಸೆಪ್ಟೆಂಬರ್ ಕೊನೆ ಅದು. ತುಲೂಸ್‌ನಿಂದ ಬೆಳಿಗ್ಗೆ ಬೇಗ ಹೊರಟು ಸಾರ್ಲಾ ಸೇರಿದೆವು. ಬುಧವಾರ, ಶನಿವಾರ ಬೆಳಿಗ್ಗೆ ಇಲ್ಲಿ ಸಂತೆ. ಊರೆಲ್ಲಾ ಜೇನು ಬಣ್ಣದ ಸುಣ್ಣಕಲ್ಲು, ಮೇಲೆ ಹಂಚಿನ ಬದಲು ಕಲ್ಲಿನ ಚಪ್ಪಡಿ ಹೊದೆಸಿದ ಕಡಿದಾದ ಛಾವಣಿಗಳು. ಅರವತ್ತು ಎಪ್ಪತ್ತು ವರ್ಷದ ಹಿಂದೆ ಈ ಮನೆಗಳು ಬೀಳುವ ಹಾಗಿದ್ದವು. ಆಗ ಸಂಸ್ಕೃತಿ ಸಚಿವರಾಗಿದ್ದ ಆಂದ್ರೆ ಮಾಲ್ರೋ 1962ರಲ್ಲಿ ಹಳೆಯ ಪೇಟೆಗಳನ್ನು ಇಡಿಯಾಗಿ ಉಳಿಸುವ ಕಾನೂನು ತಂದರು, ಅದರ ಕೆಳಗೆ ಮೊದಲಿಗೆ ದುರಸ್ತಿಯಾದ ಊರುಗಳಲ್ಲಿ ಇದೂ ಒಂದು. ಒಂದೊಂದೇ ಕಟ್ಟಡ ಅಲ್ಲ, ಇಡೀ ಬೀದಿ ಉಳಿದರೆ ಎಷ್ಟು ಚೆನ್ನ ಅನ್ನುವುದು ಇಲ್ಲಿ ನಡೆದಾಡಿದರೆ ಗೊತ್ತಾಗುತ್ತದೆ. ಹಳೆಯ ಸೇಂಟ್ ಮರಿ ಚರ್ಚು ಈಗ ಮಾರುಕಟ್ಟೆ. ಅದಕ್ಕೆ ವಾಸ್ತುಶಿಲ್ಪಿ ಜೀನ್ ನುವೆಲ್ ಕೂರಿಸಿದ ಎತ್ತರದ ಉಕ್ಕಿನ ಬಾಗಿಲುಗಳನ್ನು ಅತ್ತೆ ಕತ್ತೆತ್ತಿ ನೋಡುತ್ತಾ ನಿಂತರು. ಸಂತೆಯಲ್ಲಿ ಹೊಸ ಅಕ್ರೋಟು ಬಂದಿತ್ತು, ಅಣಬೆಯೂ ಇತ್ತು.

ಅಲ್ಲಿಂದ ಲಾ ರೋಕ್ ಗಾಜಾಕ್ ಇಪ್ಪತ್ತು ನಿಮಿಷ. ಒಂದು ಕಡೆ ನದಿ, ಇನ್ನೊಂದು ಕಡೆ ನೆಟ್ಟಗೆ ನಿಂತ ಬಂಡೆ, ನಡುವೆ ಸಿಕ್ಕಷ್ಟು ಜಾಗದಲ್ಲಿ ಮನೆಗಳು. 1957ರ ಜನವರಿಯಲ್ಲಿ ಬಂಡೆಯ ಒಂದು ಭಾಗ ಕುಸಿದು ಮೂವರು ಸತ್ತರು, ಮನೆಗಳೂ ಹೋದವು. ಈ ಬಂಡೆ ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಚಳಿಗಾಲದಲ್ಲೂ ಬಿಸಿಲು ಹಿಡಿದಿಡುತ್ತದೆ, ಹಾಗಾಗಿ ಫ್ರಾನ್ಸಿನ ಈ ಮೂಲೆಯಲ್ಲಿ ತಾಳೆ, ಬಿದಿರು, ಬಾಳೆ ಎಲ್ಲಾ ಬೆಳೆಯುತ್ತವೆ. ಬಾಳೆ ಕಂಡಿದ್ದೇ ಅತ್ತೆ ನಿಂತುಬಿಟ್ಟರು. "ಇಲ್ಲೂ ಗೊನೆ ಬಿಡ್ತದಾ?" ಎಂದು ಬುಡ ಬಗ್ಗಿ ನೋಡಿ, ಕಂದು ಕಿತ್ತು ಬೇರೆ ಕಡೆ ನೆಡಬೇಕಿತ್ತು ಎಂದರು.

ಇನ್ನು ಊಟ. ಹನ್ನೆರಡೂವರೆಗೆ ಕೂತವರು ಎದ್ದಿದ್ದು ಎರಡೂವರೆಗೆ. ಸಸ್ಯಾಹಾರಿಗಳು ಇಲ್ಲಿ ಎರಡು ವಿಷಯ ನೆನಪಿಡಬೇಕು. ಪೆರಿಗೋರ್ ಸಲಾಡ್ ಎಂದರೆ ಅದರಲ್ಲಿ ಸಾಮಾನ್ಯವಾಗಿ ಬಾತುಕೋಳಿಯ ಮಾಂಸ ಇರುತ್ತದೆ. ಸಾರ್ಲಾದ ಆಲೂಗಡ್ಡೆ ಎಂದು ಪಟ್ಟಿಯಲ್ಲಿ ಮುಗ್ಧವಾಗಿ ಕಾಣುವುದನ್ನು ಹುರಿಯುವುದೇ ಬಾತುಕೋಳಿಯ ಕೊಬ್ಬಿನಲ್ಲಿ. ರೊಕಮದೂರ್ ಎಂಬ ಪುಟ್ಟ ಮೇಕೆ ಹಾಲಿನ ಚೀಸ್ ಬಲು ರುಚಿ, ಆದರೆ ಹಾಲು ಹೆಪ್ಪಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಕಟ್ಟುನಿಟ್ಟಿನವರು ಅದನ್ನೂ ಬಿಡಬೇಕಾಗುತ್ತದೆ. ನಾನು ಬಾತಿನ ಕಾಲು ತಿಂದೆ, ಗಂಡ ಅಣಬೆ ಆಮ್ಲೆಟ್ ತಗೊಂಡರು. ಅತ್ತೆಗೆ ಏನು ಬರುತ್ತದೋ ಎಂಬ ಚಿಂತೆ ನನಗೆ. ಬೇಯಿಸಿದ ಆಲೂಗಡ್ಡೆಗೆ ಬೆಳ್ಳುಳ್ಳಿ, ಪಾರ್ಸ್ಲಿ, ಧಾರಾಳವಾಗಿ ಅಕ್ರೋಟಿನ ಎಣ್ಣೆ. ಪಕ್ಕದಲ್ಲಿ ಟೊಮೇಟೊ, ಸೊಪ್ಪು, ಹುರಿದ ಅಕ್ರೋಟು, ಬಿಸಿ ಬ್ರೆಡ್ಡು. ಪಟ್ಟಿಯಲ್ಲಿ ಇಲ್ಲದ್ದನ್ನು ಒಬ್ಬ ಹಿರಿಯರಿಗಾಗಿ ಮಾಡಿಕೊಟ್ಟರಲ್ಲ, ನನಗೆ ಕಣ್ಣು ತುಂಬಿ ಬಂತು. ಅತ್ತೆ ಎರಡನೇ ಸಲ ಹಾಕಿಸಿಕೊಂಡರು. ನಡುವೆ ಯಾರೂ ಬಂದು ಬಿಲ್ ಇಡಲಿಲ್ಲ. ಕೇಳದೆ ಬಿಲ್ ತರುವುದು ಇಲ್ಲಿ ಮರ್ಯಾದೆ ಅಲ್ಲ.

ಆಮೇಲೆ ಗಬಾರ್ ದೋಣಿ, ಸುಮಾರು ಒಂದು ಗಂಟೆ. ಮೊದಲು ಇಂಥ ಚಪ್ಪಟೆ ತಳದ ದೋಣಿಗಳಲ್ಲಿ ಪೀಪಾಯಿ ಮಾಡುವ ಮರ ಕೆಳಗಿನ ವೈನ್ ಸೀಮೆಗೆ ಹೋಗುತ್ತಿತ್ತು, ರೈಲು ಬಂದ ಮೇಲೆ ನಿಂತಿತು. ಊಟವಾದ ಮೇಲೆ ನಡೆಯಲಾರದ ಹಿರಿಯರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸ್ವಲ್ಪ ದೂರದಲ್ಲೇ ಬೇನಾಕ್ ಮತ್ತು ಕಾಸ್ಟೆಲ್ನೋ ಕೋಟೆಗಳು, ನದಿಯ ಆಚೆಗೊಂದು ಈಚೆಗೊಂದು. ಹದಿನಾಲ್ಕು ಹದಿನೈದನೇ ಶತಮಾನದಲ್ಲಿ ಫ್ರಾನ್ಸ್, ಇಂಗ್ಲೆಂಡ್ ನಡುವೆ ನಡೆದ ನೂರು ವರ್ಷಗಳ ಯುದ್ಧದಲ್ಲಿ ಬೇನಾಕ್ ಫ್ರೆಂಚರ ಕಡೆ, ಕಾಸ್ಟೆಲ್ನೋ ಬಹುಕಾಲ ಇಂಗ್ಲಿಷರ ಕಡೆ. ಬೇನಾಕ್ ನದಿಯಿಂದ ಸುಮಾರು 150 ಮೀಟರ್ ಎತ್ತರ. ನಾವು ಕಾರಿನಲ್ಲೇ ಮೇಲಕ್ಕೆ ಹೋದೆವು. ಅಲ್ಲಿ ನಿಂತರೆ ಎದುರು ಕೋಟೆ, ಕೆಳಗೆ ನದಿ, ಅಕ್ರೋಟು ತೋಟದ ಸಾಲು ಎಲ್ಲಾ ಒಂದೇ ನೋಟಕ್ಕೆ ಸಿಗುತ್ತವೆ. ಒಳಗೆ ಹೋಗಲು ಪುರುಸೊತ್ತಾಗಲಿಲ್ಲ, ಬೇಜಾರೂ ಆಗಲಿಲ್ಲ.

ವಾಪಸ್ ಬರುವಾಗ ದಾರಿಬದಿಯ ತೋಟದಲ್ಲಿ ಅಕ್ರೋಟಿನ ಎಣ್ಣೆ ಕೊಂಡೆವು. ಒಂದು ಲೀಟರ್‌ಗೆ ಸುಮಾರು ಎರಡು ಕಿಲೋ ತಿರುಳು ಬೇಕು, ಬೆಲೆ ಜಾಸ್ತಿ ಅನ್ನಿಸಿದರೆ ಅದಕ್ಕೇ. ನೀವೂ ತಂದರೆ ಒಗ್ಗರಣೆಗೆ ಹಾಕಬೇಡಿ, ಜೋರು ಉರಿಗೆ ಕಹಿಯಾಗುತ್ತದೆ. ಫ್ರಿಜ್‌ನಲ್ಲಿಟ್ಟು ಹಸಿಯಾಗಿಯೇ ಬಳಸಿ. ಅತ್ತೆ ಮಾರನೇ ದಿನ ಹೆಸರುಬೇಳೆ ಕೋಸಂಬರಿಗೆ ಒಂದು ಚಮಚ ಹಾಕಿದರು, ತುಂಬಾ ಚೆನ್ನಾಗಿತ್ತು.