ಆಧಾರ ವರ್ಷ ಬದಲಾದಾಗ ರಾಜ್ಯಗಳ ಲೆಕ್ಕ

2015ರ ಜನವರಿಯಲ್ಲಿ ಕೇಂದ್ರ ಸಾಂಖ್ಯಿಕ ಕಚೇರಿಯು ರಾಷ್ಟ್ರೀಯ ಆದಾಯದ ಆಧಾರ ವರ್ಷವನ್ನು, ಅಂದರೆ ಹೋಲಿಕೆಗೆ ಯಾವ ವರ್ಷದ ಬೆಲೆಗಳನ್ನು ಬಳಸುತ್ತಾರೋ ಆ ವರ್ಷವನ್ನು, 2004-05ರಿಂದ 2011-12ಕ್ಕೆ ಬದಲಿಸಿತು. ಅಳತೆಯ ಪರಿಕಲ್ಪನೆಯೂ ಬದಲಾಯಿತು. ಶೇ 4.7 ಇದ್ದ 2013-14ರ ಬೆಳವಣಿಗೆ ದರ ಶೇ 6.9ಕ್ಕೆ ಏರಿತು. ಆ ವರ್ಷದ ಹೊಲ, ಕಾರ್ಖಾನೆಗಳ ಉತ್ಪನ್ನವೇನೂ ಆಮೇಲೆ ಹೆಚ್ಚಾಗಿರಲಿಲ್ಲ; ಬದಲಾದದ್ದು ಲೆಕ್ಕವಷ್ಟೇ.

ದೇಶದ ಅಂಕಿಯ ಬಗ್ಗೆ ಸಾಕಷ್ಟು ವಾದವಾಯಿತು. ನನಗೆ ರಾಜ್ಯಗಳ ಲೆಕ್ಕವೇ ಹೆಚ್ಚು ಕುತೂಹಲದ್ದು. ಹಿಂದೆ ನೋಂದಾಯಿತ ತಯಾರಿಕಾ ವಲಯದ ಮೌಲ್ಯವರ್ಧನೆಯನ್ನು (ಉತ್ಪನ್ನದ ಮೌಲ್ಯದಲ್ಲಿ ಕಚ್ಚಾವಸ್ತು ಮುಂತಾದವುಗಳ ವೆಚ್ಚ ಕಳೆದು ಉಳಿದದ್ದನ್ನು) ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯಿಂದ, ಅಂದರೆ ಕಾರ್ಖಾನೆಗಳ ಮಟ್ಟದ ಮಾಹಿತಿಯಿಂದ, ಪಡೆಯುತ್ತಿದ್ದುದರಿಂದ ಅದು ಯಾವ ರಾಜ್ಯಕ್ಕೆ ಸೇರಿದ್ದೆಂಬುದು ತಾನಾಗಿಯೇ ತಿಳಿಯುತ್ತಿತ್ತು. 2011-12ರ ಆಧಾರ ವರ್ಷದ ಹೊಸ ಸರಣಿಯು ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ21 ಎಂಬ ಆನ್‌ಲೈನ್ ವ್ಯವಸ್ಥೆಗೆ ಕಂಪನಿಗಳು ಸಲ್ಲಿಸುವ ಲೆಕ್ಕಪತ್ರಗಳನ್ನು ಆಧರಿಸಿದೆ. ಅದರಲ್ಲಿ ಮುಖ್ಯ ಕಚೇರಿ, ಮಾರಾಟ ವಿಭಾಗಗಳ ಕೆಲಸವೂ ತಯಾರಿಕೆಯ ಮೌಲ್ಯದೊಳಗೇ ಸೇರುತ್ತದೆ. ಆದರೆ ಕಚೇರಿ ಮುಂಬೈಯಲ್ಲಿದ್ದು ಕಾರ್ಖಾನೆ ಬಳ್ಳಾರಿಯಲ್ಲಿರುವ ಕಂಪನಿಯ ಲೆಕ್ಕಪತ್ರ, ಯಾವ ರಾಜ್ಯದಲ್ಲಿ ಎಷ್ಟು ಮೌಲ್ಯ ಹುಟ್ಟಿತೆಂದು ಹೇಳುವುದಿಲ್ಲ. ಆದ್ದರಿಂದ ದೇಶದ ಮೊತ್ತವನ್ನು ಕೆಲವು ಸೂಚಕಗಳ ಅನುಪಾತದಲ್ಲಿ ರಾಜ್ಯಗಳಿಗೆ ಹಂಚಬೇಕಾಗುತ್ತದೆ. ಹೀಗೆ ಹಂಚಿದ್ದು ಅಳೆದದ್ದಲ್ಲ, ಅಂದಾಜಿನ ಮೇಲಿನ ಇನ್ನೊಂದು ಅಂದಾಜು ಎಂಬುದು ನನ್ನ ಅಭಿಪ್ರಾಯ.

ಜಿಲ್ಲೆಗಿಳಿದರೆ ಈ ತೊಡಕು ಇನ್ನೂ ಹೆಚ್ಚು. ಕರ್ನಾಟಕದ ಆಂತರಿಕ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯದು. ಹಂಚಿಕೆಯ ಸೂಚಕ ತುಸು ಬದಲಾದರೂ ಯಾದಗಿರಿಯಂತಹ ಸಣ್ಣ ಆರ್ಥಿಕತೆಯ ತಲಾ ಆದಾಯ ಗಣನೀಯವಾಗಿ ಅಲುಗಾಡಬಹುದು. ಹಳೆಯ ಮತ್ತು ಹೊಸ ಸರಣಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ, ಯೋಜನೆಯೊಂದರಿಂದ ಜಿಲ್ಲೆ ಬೆಳೆಯಿತೆಂದು ತೋರಿಸುವ ನಕ್ಷೆಗಳನ್ನು ಕಂಡಾಗಲೆಲ್ಲ ನಾನು ಮೊದಲು ನೋಡುವುದು, ಅಂಕಿಗಳು ಯಾವ ಆಧಾರ ವರ್ಷದವೆಂದು ಹೇಳಬೇಕಾದ ಕೆಳಗಿನ ಅಡಿಟಿಪ್ಪಣಿಯನ್ನು.