ಲಾಗ್ ಬುಕ್ಕಿನ ಒಂದೇ ಶಾಯಿ

ಇಂಟರ್ನ್‌ಶಿಪ್ ಮುಗಿಸಿ ಬಂದ ವಿದ್ಯಾರ್ಥಿಗಳ ಲಾಗ್ ಬುಕ್ಕುಗಳನ್ನು ಪರಿಶೀಲಿಸುವ ಕೆಲಸ ಪ್ರತಿ ವರ್ಷವೂ ನನ್ನ ಪಾಲಿಗೆ ಬರುತ್ತದೆ. ಈ ಸಲ ಕೈಗೆ ಬಂದ ಒಂದರಲ್ಲಿ ಆರು ವಾರಗಳ ದಿನಚರಿ ಮೊದಲಿನಿಂದ ಕೊನೆಯವರೆಗೆ ಒಂದೇ ಶಾಯಿಯಲ್ಲಿ, ಒಂದೇ ಓಟದ ಅಕ್ಷರದಲ್ಲಿತ್ತು. ಮೇಲ್ವಿಚಾರಕರ ಮೂವತ್ತು ಸಹಿಗಳೂ ಒಂದೇ ಸಲ ಕೂತು ಹಾಕಿದಂತಿದ್ದವು. ‘ಸಭೆಯಲ್ಲಿ ಭಾಗವಹಿಸಿದೆ’, ‘ದತ್ತಾಂಶ ನಮೂದಿಸಿದೆ’, ಆಮೇಲೆ ಸತತ ಹನ್ನೊಂದು ದಿನ ‘ಮೇಲಿನಂತೆ’. ಆದರೆ ಒಟ್ಟು 180 ಗಂಟೆಗಳ ಲೆಕ್ಕ ಸರಿಯಾಗಿತ್ತು, ಆದ್ದರಿಂದ ಪದವಿಗೆ ಲೆಕ್ಕವಾಗುವ ಕ್ರೆಡಿಟ್ ಕೊಟ್ಟೆ.

ಕ್ರೆಡಿಟ್ ಎಂಬುದು ಮೂಲತಃ ಗಂಟೆಗಳ ಅಳತೆ. ಭಾರತದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಇಂಟರ್ನ್‌ಶಿಪ್ಪಿನ 30 ಗಂಟೆಗಳಿಗೆ ಒಂದು ಕ್ರೆಡಿಟ್ ಎನ್ನುತ್ತದೆ. ಯುರೋಪಿನ ಪದ್ಧತಿಯಲ್ಲಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ದುಡಿಮೆ ಬೇಕು. ಅಮೆರಿಕದಲ್ಲಿ ಪಾಠ ಮತ್ತು ಮನೆಯಲ್ಲಿನ ಓದು ಸೇರಿ ಸುಮಾರು 45 ಗಂಟೆಗಳಾಗುತ್ತವೆ. ಅದೇ ಲಾಗ್ ಬುಕ್ಕು ಒಂದು ಕಡೆ ಆರು ಕ್ರೆಡಿಟ್ ತಂದರೆ ಇನ್ನೊಂದು ಕಡೆ ನಾಲ್ಕು ತರುತ್ತದೆ. ವಿದ್ಯಾರ್ಥಿ ಕಲಿತನೇ ಎಂಬ ಪ್ರಶ್ನೆ ಈ ಯಾವ ಲೆಕ್ಕದೊಳಗೂ ಬರುವುದಿಲ್ಲ.

ಓದನ್ನೂ ಕೆಲಸವನ್ನೂ ಮೊದಮೊದಲು ಜೋಡಿಸಿದವರು ಹೀಗೆ ಯೋಚಿಸಿರಲಿಲ್ಲ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಹರ್ಮನ್ ಷ್ನೈಡರ್ 27 ವಿದ್ಯಾರ್ಥಿಗಳೊಂದಿಗೆ ಆರಂಭಿಸಿದ ಕ್ರಮದಲ್ಲಿ ಅವರು ಒಂದು ವಾರ ತರಗತಿಯಲ್ಲಿ, ಮರುವಾರ ಕಾರ್ಖಾನೆಯಲ್ಲಿ ಇರುತ್ತಿದ್ದರು. ಯಂತ್ರದ ಮುಂದೆ ಹುಟ್ಟಿದ ಅನುಮಾನವನ್ನು ಆರುವ ಮೊದಲೇ ಮೇಷ್ಟರ ಮುಂದೆ ಇಡಲು ಸಾಧ್ಯವಿತ್ತು ಎಂಬುದೇ ಈ ಏರ್ಪಾಟಿನ ಜೀವಾಳವೆಂದು ನನಗೆ ತೋರುತ್ತದೆ. ನಾವು ಉಳಿಸಿಕೊಂಡಿರುವುದು ಕೆಲಸಕ್ಕೆ ಹೋಗುವುದನ್ನು ಮಾತ್ರ. ರಜೆಯಲ್ಲಿ ಹೋದವರು ಮರಳಿ ಬಂದಾಗ ಅವರನ್ನು ಕೇಳುವುದು ಬೈಂಡ್ ಮಾಡಿಸಿದ ವರದಿಯನ್ನು ಮತ್ತು ಹತ್ತು ನಿಮಿಷದ ವೈವಾವನ್ನು, ಅಂದರೆ ಮೌಖಿಕ ಪರೀಕ್ಷೆಯನ್ನು.

ಹಣದ ವಿಚಾರವನ್ನೂ ಹೇಳಬೇಕು. ಕ್ರೆಡಿಟ್ ಸಿಗುತ್ತದೆಯಲ್ಲ, ಸ್ಟೈಪೆಂಡ್ ಏಕೆ ಎಂದು ಕೇಳುವ ಸಂಸ್ಥೆಗಳಿವೆ. ಅಂಥಲ್ಲಿ ವಿದ್ಯಾರ್ಥಿ ಆ ಕ್ರೆಡಿಟ್‌ಗಾಗಿ ಕಾಲೇಜಿಗೆ ಶುಲ್ಕ ಕಟ್ಟಿ, ಇನ್ನೊಬ್ಬರ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತಾನೆ. ಅಮೆರಿಕದಲ್ಲಿ ಒಂದು ಚಲನಚಿತ್ರ ಸಂಸ್ಥೆಯ ವಿರುದ್ಧ ಇಂಟರ್ನ್‌ಗಳು 2011ರಲ್ಲಿ ಹೂಡಿದ ದಾವೆಯಲ್ಲಿ ಮೇಲ್ಮನವಿ ನ್ಯಾಯಾಲಯವು 2015ರಲ್ಲಿ, ಈ ಸಂಬಂಧದಿಂದ ಮುಖ್ಯವಾಗಿ ಲಾಭ ಯಾರಿಗೆ ಎಂದು ನೋಡಬೇಕೆಂದಿತು. 2018ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯೂ ಅದನ್ನೇ ಅಂಗೀಕರಿಸಿತು. ಆ ಪರೀಕ್ಷೆಯ ಏಳು ಅಂಶಗಳಲ್ಲಿ ಓದಿನೊಂದಿಗಿನ ನಂಟು ಕೂಡ ಒಂದು, ಆದರೆ ಒಂದು ಮಾತ್ರ. ಕಾಯಂ ನೌಕರರ ಕೆಲಸವನ್ನೇ ಇಂಟರ್ನ್‌ಗೆ ಹೊರಿಸಲಾಗಿದೆಯೇ ಎಂಬುದನ್ನೂ ಅದು ಕೇಳುತ್ತದೆ. ಕ್ರೆಡಿಟ್ ಸಂಬಳಕ್ಕೆ ಬದಲಿಯಲ್ಲ ಎಂದು ನಮ್ಮ ಒಪ್ಪಿಗೆ ಪತ್ರದಲ್ಲೇ ಬರೆಸಬೇಕೆಂದು ನಾನು ಸಭೆಯಲ್ಲಿ ಎರಡು ಬಾರಿ ಹೇಳಿದ್ದೇನೆ. ಹಾಗೆ ಬರೆದರೆ ಸಂಸ್ಥೆಗಳು ಸಿಗುವುದಿಲ್ಲ ಎಂಬ ಉತ್ತರ ಎರಡು ಬಾರಿಯೂ ಬಂತು.

ನನ್ನ ಮಾರ್ಗದರ್ಶನದಲ್ಲಿರುವವರಿಗಾದರೂ ಈ ವರ್ಷ ದಿನಕ್ಕೊಂದು ಸಾಲಿನ ಬದಲು ವಾರಕ್ಕೊಂದು ಪ್ರಶ್ನೆ ಬರೆಯಿರಿ ಎಂದೆ. ಲೆಕ್ಕಪರಿಶೋಧಕರ ಕಚೇರಿಗೆ ಹೋಗಿದ್ದ ವಿದ್ಯಾರ್ಥಿನಿ ಮೊದಲ ಎರಡು ವಾರ ವೋಚರುಗಳಿಗೆ ಮೊಹರು ಒತ್ತಿದ್ದಳು. ಮೂರನೆಯ ವಾರ ನಗದು ಪುಸ್ತಕದ ಬಾಕಿಯನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುವಾಗ, ಕೊಟ್ಟೂ ಬ್ಯಾಂಕಿಗೆ ಬಾರದ ಒಂದು ಚೆಕ್ ಅವಳ ಕಣ್ಣಿಗೆ ಬಿತ್ತು. ‘ಹಣ ಕೊಟ್ಟಾಗಿದೆ ಎಂದು ಪುಸ್ತಕ ಹೇಳುತ್ತದೆ, ಚೆಕ್ಕಿನ ಅವಧಿ ಮೀರಿದೆ. ಹಾಗಾದರೆ ಸಾಲ ತೀರಿದೆಯೇ, ಇದೆಯೇ?’ ಎಂದು ಬರೆದಿದ್ದಳು. ತರಗತಿಯಲ್ಲಿ ನಾನು ಒಂದೇ ಸಾಲಿನಲ್ಲಿ ದಾಟಿಸುತ್ತಿದ್ದ ಸಂಗತಿ ಅದು. ಆ ಸಾಲ ಇನ್ನೂ ಇದೆ, ನಮೂದನ್ನು ತಿರುಗಿಸಿ ಬರೆಯಬೇಕು ಎಂಬ ಉತ್ತರಕ್ಕೆ ಅವಳ ಸಹಪಾಠಿಗಳೆಲ್ಲ ಸೇರಿ ಬರುವಷ್ಟರಲ್ಲಿ ಒಂದು ಇಡೀ ಪಾಠದ ಅವಧಿ ಮುಗಿದಿತ್ತು.

ಅವಳ ಲಾಗ್ ಬುಕ್ಕಿನಲ್ಲಿ ಇರುವುದು ಆರು ಪ್ರಶ್ನೆಗಳು, ಆರು ಸಹಿಗಳು. ದಿನವಹಿ ಸಹಿ ಇಲ್ಲವೆಂದು ಪರೀಕ್ಷಾ ವಿಭಾಗದಿಂದ ಕಡತ ಎರಡು ಸಲ ಹಿಂದಿರುಗಿದೆ. ಹಾಜರಾತಿ ಪತ್ರವನ್ನು ತರಿಸಿ, ಲಗತ್ತಿಸಿ, ನಿನ್ನೆ ಮೂರನೆಯ ಸಲ ಕಳುಹಿಸಿದ್ದೇನೆ.